ಒಂದು ಪ್ರಶ್ನೆಯಷ್ಟು ತಡ

ನವೆಂಬರ್ 3

ಅತ್ತೆಗೆ, ನಿಮ್ಮ ಚಿಟಿಕೆಯ ನಮಸ್ಕಾರ.

ನಿಮ್ಮ ಕಾಗದ ಮೊನ್ನೆ ಬಂತು. ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ವೈರ್‌ಲೆಸ್ ಒಂದಿದೆ, ಅದು ಕಣಿವೆಯಲ್ಲಿ ಸಸಿ ಬೆಳೆಸುವ ಗಾಜಿನ ಮನೆಗಳವರ ಜೊತೆ ನೀರಿನ ವಿಷಯ ಮಾತಾಡಲಿಕ್ಕೆ ಮಾತ್ರ. ವಾರಕ್ಕೊಮ್ಮೆ ರೋಪ್‌ವೇಯ ತೊಟ್ಟಿಲು ತೂಗಾಡುತ್ತಾ ಮೇಲೆ ಬರುತ್ತದೆ. ಅದರಲ್ಲಿ ತರಕಾರಿ, ಬ್ಯಾಟರಿ, ಟಪಾಲು. ನೀವು ಹೋದ ವಾರ ಮಾಡಿದ ತಮಾಷೆಗೆ ನಾನು ಈ ವಾರ ನಗುತ್ತಿದ್ದೇನೆ.

ಬೆಳಗ್ಗೆ ಎದ್ದರೆ ಕಿಟಕಿಯ ಹೊರಗೆ ಏನೂ ಇರುವುದಿಲ್ಲ, ಬರೀ ಬಿಳಿ. ಅದರಲ್ಲಿ ಮಂಜು ಎಷ್ಟು, ಬಿಸಿನೀರಿನ ಬುಗ್ಗೆಯ ಹಬೆ ಎಷ್ಟು ಎಂದು ಹೇಳಲಾರೆ. ಬಿಸಿಲೇರಿದ ಮೇಲೆ ಮೊದಲು ಬೇಲಿ ಬರುತ್ತದೆ, ಆಮೇಲೆ ಪಂಪ್ ಮನೆ, ಕೊನೆಗೆ ಕೆಳಗೆ ಕಣಿವೆಯಲ್ಲಿ ಗಾಜಿನ ಮನೆಗಳ ಸಾಲು. ಯಾರೋ ಒಂದೊಂದಾಗಿ ನೆನಪಿಸಿಕೊಂಡು ಇಡುತ್ತಿರುವಂತೆ ಕಾಣುತ್ತದೆ. ಇಲ್ಲಿಗೆ ಬಂದ ಮೇಲೆ ನಾನು ನಿಧಾನವಾಗಿ ನಡೆಯುವುದನ್ನು ಕಲಿತಿದ್ದೇನೆ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಿಮ್ಮ ಕಾಗದದಲ್ಲಿ ಮಾವನ ಒಂದು ಸಾಲೂ ಇಲ್ಲ. ಹೊರಡುವ ದಿನ "ಅಷ್ಟು ದೂರ ಹೋಗಿ ಬಿಸಿನೀರು ಕಾಯಬೇಕಾ?" ಎಂದು ರೇಗಿ ಒಳಗೆ ಹೋದವರು ಇನ್ನೂ ಮುನಿಸಿಕೊಂಡಿದ್ದಾರಾ? ಅವರ ಕೋಪ ಹಾಲು ಉಕ್ಕಿದಂತೆ, ಒಂದು ಊದಿಗೆ ಇಳಿಯುತ್ತದೆ ಎಂದುಕೊಂಡಿದ್ದೆ. ಒಂದು ಸಾಲು ಬರೆಸಿ ಅತ್ತೆ. ಬೈದರೂ ಪರವಾಗಿಲ್ಲ.

ನಿಮ್ಮ
ಚಿಟಿಕೆ


ನವೆಂಬರ್ 14

ಮುದ್ದಿನ ಚಿಟಿಕೆಗೆ ಅತ್ತೆಯ ಆಶೀರ್ವಾದ.

ಬೆಟ್ಟ ಹತ್ತಿದ ಮೇಲೆ ನಿನ್ನ ಅಕ್ಷರವೂ ದುಂಡಗಾಗಿದೆ, ನೀನೂ ಆಗಿದ್ದರೆ ಸಂತೋಷ.

ನಿನ್ನ ಮಾವ ಚೆನ್ನಾಗಿದ್ದಾರೆ. ಕೋಪವೂ ಇಲ್ಲ, ತಾಪವೂ ಇಲ್ಲ. ಮಾತು ಸ್ವಲ್ಪ ಕಮ್ಮಿಯಾಗಿದೆ, ಅಷ್ಟೇ. ರೈಲ್ವೆ ಸ್ಟೇಷನ್ನಿನ ಮೈಕಿನ ಮುಂದೆ ಕೂತು ವರ್ಷಗಟ್ಟಲೆ ಊರಿಗೆಲ್ಲ ಕೇಳುವಂತೆ ಕೂಗಿದವರು, ಸರಕು ಮುಗಿದಿರಬೇಕು. ಬಲಗೈ ಸ್ವಲ್ಪ ನೋಯುತ್ತದೆ, ಅದಕ್ಕೇ ಬರೆದಿಲ್ಲ. ನೀನು ಇಲ್ಲದ್ದನ್ನು ಕಲ್ಪಿಸಿಕೊಂಡು ತಲೆ ಕೆಡಿಸಿಕೊಳ್ಳಬೇಡ.

ನನಗೆ ಕೈತುಂಬ ಕೆಲಸ. ಶಾಲೆಯವರು ಕರ್ಟನ್ ಹೊಲಿಯಲು ಕೊಟ್ಟಿದ್ದಾರೆ. ಮನೆಯೆಲ್ಲ ನೀಲಿ ಬಟ್ಟೆ, ಕಾಲಿಟ್ಟಲ್ಲಿ ನೀಲಿ. ನಿನ್ನ ಚಿಕ್ಕಮಾವ ದಿನಾ ಬಂದು ಹೋಗುತ್ತಾನೆ. ಅವನ ಸ್ವಭಾವ ನಿನಗೆ ಗೊತ್ತಲ್ಲ, ಚಪ್ಪಲಿ ಬಿಡುವಷ್ಟರಲ್ಲಿ ನಾಲ್ಕು ಪ್ರಶ್ನೆ ಕೇಳಿ ಐದನೆಯದಕ್ಕೆ ಉತ್ತರವನ್ನೂ ತಾನೇ ಹೇಳಿಬಿಡುತ್ತಾನೆ. ಆದರೂ ಒಳ್ಳೆಯವನು. ಅವನಿಲ್ಲದಿದ್ದರೆ ನನ್ನ ಕೈ ಮುರಿದಂತೆ ಆಗುತ್ತಿತ್ತು.

ಎದುರು ಮನೆಯಾಕೆ "ನಿಮ್ಮ ಹುಡುಗಿ ಏನು ಕೆಲಸ ಮಾಡ್ತಾಳೆ?" ಎಂದು ಕೇಳಿದಳು. "ನಲ್ಲಿ ತಿರುಗಿಸ್ತಾಳೆ" ಅಂದೆ. ನಗಬೇಡ, ನನಗೆ ಗೊತ್ತಿರುವುದು ಅಷ್ಟೇ. ನಿನ್ನಮ್ಮ ಹೋದ ಮೇಲೆ ನಿನಗೆ ಮಗ್ಗಿ ಕಲಿಸಿದವಳು ನಾನು. ನನಗೆ ಅರ್ಥವಾಗುವ ಹಾಗೆ ಒಂದು ಸಲ ಬರೆ ನೋಡೋಣ.

ನಿನ್ನ
ಅತ್ತೆ


ನವೆಂಬರ್ 25

ಅತ್ತೆಗೆ ನಮಸ್ಕಾರ.

ನಲ್ಲಿ ತಿರುಗಿಸುವುದು ಎಂದದ್ದು ನೂರಕ್ಕೆ ನೂರು ಸರಿ. ನಮ್ಮ ಮೇಡಂಗೆ ಓದಿ ಹೇಳಿದೆ; ಅವರು ಇಲ್ಲಿಯ ಹಿರಿಯ ಎಂಜಿನಿಯರ್, ನಗುವುದೇ ಅಪರೂಪ, ಅವರೂ ನಕ್ಕರು.

ಬುಗ್ಗೆಯ ನೀರನ್ನು ಕೊಳವೆಯಲ್ಲಿ ಕಣಿವೆಗೆ ಕಳಿಸುತ್ತೇವೆ. ಗಾಜಿನ ಮನೆಗಳಲ್ಲಿ ಮರದ ಸಸಿಗಳಿವೆ, ಅವಕ್ಕೆ ಬೆಚ್ಚಗಿರಬೇಕು. ಅಲ್ಲಿ ಚಳಿಯಾದರೆ ಇಲ್ಲಿ ವಾಲ್ವ್ ತೆರೆಯಬೇಕು. ಆದರೆ ಇಲ್ಲಿ ಬಿಟ್ಟ ಬಿಸಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನ ಕಾಫಿ ಆರಿ, ಇನ್ನೊಂದು ಮಾಡಿಕೊಂಡು, ಅದೂ ಆರಿರುತ್ತದೆ. ಈ ವಾಲ್ವನ್ನು ತಾನಾಗಿ ತಿರುಗಿಸುವ ಒಂದು ಹಳೇ ಡಬ್ಬಿ ಇದೆ. ಕೊಳವೆಯ ಸ್ವಭಾವ ಏನು ಎಂದು ಅದಕ್ಕೆ ಲೆಕ್ಕದಲ್ಲಿ ಹೇಳಿಕೊಡಬೇಕು. ಕೊಳವೆಯನ್ನು ಕಾಗದದ ಮೇಲೆ ಗೇಣುಗೇಣಾಗಿ ಕತ್ತರಿಸಿ, ತುಂಡಿಗೊಂದು ಸಮೀಕರಣ ಬರೆದರೆ ಸಾವಿರಾರು ಆಗುತ್ತವೆ. ಡಬ್ಬಿಗೆ ಹಿಡಿಸುವುದು ಮೂರೋ ನಾಲ್ಕೋ. ಸಾವಿರವನ್ನು ನಾಲ್ಕಕ್ಕೆ ಇಳಿಸಬೇಕು, ಕೊಳವೆ ಮಾತ್ರ ಅದೇ ಕೊಳವೆಯಂತೆ ನಡೆದುಕೊಳ್ಳಬೇಕು. ಇದು ನನ್ನ ಕೆಲಸ. ನೀವು ಒಬ್ಬ ಮನುಷ್ಯನನ್ನು ನಾಲ್ಕು ಅಳತೆ ಮಾಡಿ ಕಾಗದದಲ್ಲಿ ಕತ್ತರಿಸಿಕೊಳ್ಳುತ್ತೀರಲ್ಲ, ಹಾಗೆ.

ಏನನ್ನು ಇಟ್ಟುಕೊಳ್ಳಬೇಕು ಅನ್ನುವುದಕ್ಕಿಂತ ಏನನ್ನು ಬಿಡಬೇಕು ಅನ್ನುವುದೇ ಕಷ್ಟ. ನನಗಿಂತ ಮೊದಲು ಇದ್ದವರು ತಡವನ್ನೇ ಬಿಟ್ಟುಬಿಟ್ಟಿದ್ದರು. ಅದೊಂದು ಪೀಡೆ, ಲೆಕ್ಕ ಕೆಡಿಸುತ್ತದೆ ಎಂದು. ಆಮೇಲೆ ಏನಾಯಿತು ಗೊತ್ತಾ? ಕೆಳಗೆ ಇನ್ನೂ ಚಳಿ ಎಂದು ಡಬ್ಬಿ ವಾಲ್ವನ್ನು ತೆರೆಯಿತು, ಬಿಸಿ ಬರಲಿಲ್ಲವೆಂದು ಇನ್ನಷ್ಟು ತೆರೆಯಿತು, ಮತ್ತಷ್ಟು ತೆರೆಯಿತು. ಎಲ್ಲ ಬಿಸಿಯೂ ಒಟ್ಟಿಗೆ ಹೋಗಿ ಸಸಿಗಳು ಬೆಂದವು. ಗಾಬರಿಯಾಗಿ ಪೂರ್ತಿ ಮುಚ್ಚಿತು. ಉಳಿದವು ಚಳಿಗೆ ಮುದುಡಿದವು. ನಾವು ಸ್ನಾನದ ಮನೆಯಲ್ಲಿ ಮಾಡುವುದನ್ನೇ ಅದೂ ಮಾಡಿತು.

ತಡವನ್ನು ಒಂದು ಪುಟ್ಟ ಭಿನ್ನರಾಶಿಯಾಗಿ ಬರೆಯುವ ಉಪಾಯವಿದೆ. ಅದನ್ನು ಹಾಕಿ ನೋಡಿದೆ. ಒಂದು ವಿಚಿತ್ರ: ವಾಲ್ವ್ ತೆರೆದರೆ ನನ್ನ ಲೆಕ್ಕದ ನೀರು ಮೊದಲು ತುಸು ತಣ್ಣಗಾಗಿ, ಆಮೇಲೆ ಬಿಸಿಯಾಗುತ್ತದೆ. ನಿಜವಾದ ನೀರು ಹಾಗೆ ಮಾಡುವುದಿಲ್ಲ. ಅದು ಸುಮ್ಮನಿರುತ್ತದೆ, ಆಮೇಲೆ ಬಿಸಿಯಾಗುತ್ತದೆ. "ಸಣ್ಣ ಸುಳ್ಳು, ನಡೆಯುತ್ತೆ ಬಿಡು" ಎನ್ನುತ್ತಾರೆ ಮೇಡಂ. ನನಗೆ ಮನಸ್ಸು ಒಪ್ಪುತ್ತಿಲ್ಲ. ಸುಮ್ಮನಿರುವುದನ್ನು ಲೆಕ್ಕದಲ್ಲಿ ಬರೆಯುವುದೇ ಕಷ್ಟ ಅತ್ತೆ.

ಮಧ್ಯಾಹ್ನ ಮೇಜಿನ ಮೇಲೆ ತಲೆಯಿಟ್ಟು ತೂಕಡಿಸಿದರೆ ನಾನೇ ಕೊಳವೆಯೊಳಗೆ ಇಳಿದು ಹೋಗುತ್ತಿರುತ್ತೇನೆ. ಒಳಗೆ ಕತ್ತಲೆ, ಬೆಚ್ಚಗೆ. ಮೇಲೆ ಯಾರೋ ಏನೋ ಕೇಳಿದ್ದು ನೆನಪಿರುತ್ತದೆ, ಉತ್ತರ ಬಾಯಲ್ಲೇ ಇರುತ್ತದೆ, ಆದರೆ ಹೇಳಬೇಕಾದವರು ಇನ್ನೂ ದೂರ. ಅವಸರ ಅನ್ನಿಸುವುದಿಲ್ಲ. ಎಚ್ಚರವಾದಾಗ ಕೆನ್ನೆಯ ಮೇಲೆ ಪೆನ್ಸಿಲಿನ ಗುರುತು.

ಮಾವನ ಕೈನೋವು ವಾಸಿಯಾಯಿತಾ? ನನಗೇನೋ ಅದು ನೆಪ ಅನ್ನಿಸುತ್ತಿದೆ. ಕೋಪವಿದ್ದರೆ ಇದೆ ಎಂದೇ ಹೇಳಿ.

ಚಿಟಿಕೆ


ಡಿಸೆಂಬರ್ 8

ಚಿಟಿಕೆ,

ನಿನ್ನ ಕಾಗದ ಎರಡು ಸಲ ಓದಿದೆ. ಸಸಿಗಳು ಬೆಂದದ್ದು ಅರ್ಥವಾಯಿತು, ಭಿನ್ನರಾಶಿ ಆಗಲಿಲ್ಲ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕೂತು ಓದು. ನೀನು ಹೋದ ಮರುವಾರ ನಿನ್ನ ಮಾವನಿಗೆ ಸ್ಟ್ರೋಕ್ ಆಯಿತು. ಬಲಗಡೆ ಕೈ ಕಾಲು ಬಿದ್ದುಹೋದವು. ನಿನಗೆ ಹೊಸ ಕೆಲಸ, ತಿಳಿದರೆ ಬಿಟ್ಟು ಓಡಿಬರುತ್ತೀ ಎಂದು ಹೇಳಲಿಲ್ಲ. ಈಗ ಜೀವಕ್ಕೆ ಭಯವಿಲ್ಲ. ಕಾಲು ಸ್ವಲ್ಪ ಎತ್ತುತ್ತಾರೆ. ಆದರೆ ಮಗಳೇ, ಬುದ್ಧಿ ಹೋಗಿದೆ. ಕೇಳುವುದೊಂದು, ಹೇಳುವುದೊಂದು.

ಹೋದ ಗುರುವಾರ ನಿನ್ನ ಚಿಕ್ಕಮಾವ ಬಂದಿದ್ದ. ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ, ಆಗ ನಿನಗೇ ತಿಳಿಯುತ್ತದೆ.

"ಅಣ್ಣಾ, ಊಟ ಆಯ್ತಾ?" ಅಂದ. ಇವರು ಸುಮ್ಮನೆ ನೋಡಿದರು.

"ಕಾಲುನೋವು ಯಾವ ಕಡೆ ಜಾಸ್ತಿ?" ಅಂದ.

"ಆಯ್ತು" ಅಂದರು.

"ಇವತ್ತು ಯಾವ ವಾರ, ಹೇಳು ನೋಡೋಣ."

"ಬಲಗಡೆ."

"ನಾನು ಯಾರು ಅಣ್ಣಾ? ನನ್ನ ಗುರುತು ಸಿಕ್ತಾ?"

"ಗುರುವಾರ."

ಅವನ ಮುಖ ನೋಡಬೇಕಿತ್ತು. ನಗಲೂ ಆಗದೆ ಅಳಲೂ ಆಗದೆ, "ಚಳಿಯಾಗ್ತಿದೆಯಾ, ಕಿಟಕಿ ಹಾಕ್ಲಾ?" ಅಂದ. "ನನ್ನ ತಮ್ಮ ನೀನು" ಅಂದರು. ಕಿಟಕಿಯ ಮಾತು ಅಲ್ಲಿಗೇ ಬಿಟ್ಟ. ಹತ್ತಿರ ಕೂತು ಕೈ ಹಿಡಿದು ಕೇಳಿದ: "ಅಣ್ಣಾ, ಆಸ್ಪತ್ರೆ ಪಕ್ಕ ಒಂದು ಆರೈಕೆ ಮನೆ ಇದೆ. ನರ್ಸುಗಳಿರ್ತಾರೆ. ಅತ್ತಿಗೆಗೂ ಸುಧಾರಿಸಿಕೊಳ್ಳೋಕಾಗುತ್ತೆ. ಅಲ್ಲಿ ಹೋಗಿ ಇರ್ತೀಯಾ?"

"ಹೂಂ" ಅಂದರು.

ಅಷ್ಟೊಂದು ಅಡ್ಡಾದಿಡ್ಡಿ ಮಾತಿನಲ್ಲಿ ಅದೊಂದೇ ಸರಿಯಾದ ಉತ್ತರ. ಇಬ್ಬರೂ ಕಣ್ಣೊರೆಸಿಕೊಂಡೆವು. ಅವನನ್ನು ಬಾಗಿಲವರೆಗೆ ಬಿಟ್ಟು ಬಂದು "ಹಾಲು ಕುಡೀತೀರಾ?" ಅಂದೆ. "ಬೇಡ. ಬೇಡವೇ ಬೇಡ" ಅಂದರು. ಹಾಲಿನ ಮೇಲೆ ಅಷ್ಟು ಕೋಪ ಯಾಕೋ ತಿಳಿಯಲಿಲ್ಲ. ಒಯ್ದು ಬೆಕ್ಕಿಗೆ ಹಾಕಿದೆ. ಆಮೇಲೆ ದಿಂಬು ಸರಿಮಾಡುತ್ತಿದ್ದರೆ "ಕುಡೀತೀನಿ" ಅಂತಾರೆ. ಸಂಜೆಗೆ ಶೀತವಾಗಿ ಸೀನುತ್ತಾ ಕೂತರು.

ಡಾಕ್ಟರೂ ಹೀಗೇ ಒಂದಾದ ಮೇಲೊಂದು ಪ್ರಶ್ನೆ ಕೇಳಿ ತಲೆಯಾಡಿಸಿದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರು, ಅವರಾದರೂ ಏನು ಮಾಡುತ್ತಾರೆ. ಆರೈಕೆ ಮನೆಯಲ್ಲಿ ಒಂದು ಕೋಣೆ ಹೊಸ ವರ್ಷದ ಎರಡನೇ ಸೋಮವಾರ ಖಾಲಿಯಾಗುತ್ತದಂತೆ. ಅವತ್ತು ಗಾಡಿ ತರುತ್ತೇನೆ ಅಂದಿದ್ದಾನೆ. ಒಮ್ಮೆ ಸೇರಿಸಿದರೆ ವಾಪಸು ಕರೆತರುವವರು ಕಮ್ಮಿ ಎಂದು ನನಗೂ ಗೊತ್ತು. ಆದರೆ ಅವರೇ ಹೂಂ ಅಂದರಲ್ಲ.

ನಿನ್ನ ಮೇಲೆ ಅವರಿಗೆ ಕೋಪವಿರಲಿಲ್ಲ ಚಿಟಿಕೆ. ನೀನು ಹೋದ ದಿನ ಒಳಗೆ ಹೋಗಿ ಅತ್ತರು. ಅದನ್ನೂ ಮುಚ್ಚಿಟ್ಟಿದ್ದೆ.

ಅತ್ತೆ


ಡಿಸೆಂಬರ್ 17

ಅತ್ತೆ!

ತೊಟ್ಟಿಲು ಇನ್ನೇನು ಇಳಿಯುತ್ತದೆ, ನಿಂತುಕೊಂಡೇ ಬರೆಯುತ್ತಿದ್ದೇನೆ. ಮಾವನ ಬುದ್ಧಿ ಎಲ್ಲೂ ಹೋಗಿಲ್ಲ. ನಿಮ್ಮ ಕಾಗದದಲ್ಲೇ ಇದೆ!

ಮೊದಲ ಸಲ ಓದಿದಾಗ ನನಗೆ ಅಳು ಬಂತು. ಆಮೇಲೆ ಕಣ್ಣೊರೆಸಿಕೊಂಡು ಮತ್ತೆ ಓದಿದಾಗ ಮೈ ಜುಂ ಎಂದಿತು. ಅವರ ಒಂದೊಂದು ಉತ್ತರವನ್ನೂ ಒಂದು ಪ್ರಶ್ನೆ ಹಿಂದಕ್ಕೆ ಸರಿಸಿ ನೋಡಿ. ಊಟ ಆಯ್ತಾ? ಆಯ್ತು. ನೋವು ಯಾವ ಕಡೆ? ಬಲಗಡೆ. ಯಾವ ವಾರ? ಗುರುವಾರ. ನಾನು ಯಾರು? ನನ್ನ ತಮ್ಮ ನೀನು. ಕಿಟಕಿ ಹಾಕ್ಲಾ? ಹೂಂ. ಎಲ್ಲವೂ ಸರಿ, ಒಂದು ಪ್ರಶ್ನೆಯಷ್ಟು ತಡ, ಅಷ್ಟೇ. ಕೇಳಿದ್ದು ಅವರಿಗೆ ಮುಟ್ಟಿ, ಉತ್ತರ ಬಾಯಿಗೆ ಬರುವ ಹೊತ್ತಿಗೆ ಚಿಕ್ಕಮಾವ ಮುಂದಿನದನ್ನು ಕೇಳಿ ಆಗಿರುತ್ತದೆ.

ಆ ಹೂಂ ಕಿಟಕಿಗೆ ಹೇಳಿದ್ದು. ಆರೈಕೆ ಮನೆಗೆ ಅವರು ಹೇಳಿದ್ದು "ಬೇಡ. ಬೇಡವೇ ಬೇಡ." ಅದನ್ನು ನೀವು ಹಾಲಿಗೆ ಹಾಕಿಕೊಂಡಿರಿ. ಹಾಲು ಕುಡಿಯುತ್ತೇನೆ ಎಂದೇ ಹೇಳಿದ್ದರು, ಪಾಪ, ಅಷ್ಟರಲ್ಲಿ ಬೆಕ್ಕು ಕುಡಿದಿತ್ತು.

ಡಾಕ್ಟರು, ಚಿಕ್ಕಮಾವ, ನೀವು, ಮೂವರೂ ಒಂದೇ ತಪ್ಪು ಮಾಡಿದ್ದೀರಿ. ತಡವನ್ನು ಲೆಕ್ಕದಿಂದ ಬಿಟ್ಟಿದ್ದೀರಿ. ಇನ್ನು ಮೇಲೆ ಒಂದೇ ಪ್ರಶ್ನೆ ಕೇಳಿ. ಕೇಳಿ ಬಾಯಿ ಮುಚ್ಚಿಕೊಂಡು ಕಾಯಿರಿ. ಅವರು ಕೇಳಿಸಿಕೊಳ್ಳಲಿಲ್ಲ ಎಂದು ಮತ್ತೆ ಕೇಳಬೇಡಿ, ಬೇರೆ ಮಾತು ತೆಗೆಯಬೇಡಿ. ಉತ್ತರ ಬಂದೇ ಬರುತ್ತದೆ. ಆಮೇಲೆ ಆರೈಕೆ ಮನೆಯ ವಿಷಯವನ್ನು ಹೊಸದಾಗಿ ಕೇಳಿ. ಕೋಣೆಯನ್ನು ಈಗಲೇ ಬೇಡ ಅಂದುಬಿಡಿ. ತಕ್ಷಣ ಮಾಡಿ.

ಚಿಟಿಕೆ


ಡಿಸೆಂಬರ್ 24

ಚಿಟಿಕೆಗೆ,

ನಿನ್ನ ಕಾಗದ ಬಂತು. ಮಾಡಿ, ಮಾಡಬೇಡಿ, ಕಾಯಿರಿ, ಕೇಳಿ. ಅಪ್ಪಣೆ ಶಿರಸಾವಹಿಸಿದೆ ಮೇಡಂ.

ದೂರದ ಬೆಟ್ಟ ನುಣ್ಣಗೆ ಅಂತಾರೆ. ಬೆಟ್ಟದ ಮೇಲೆ ಕೂತವಳಿಗೆ ದೂರದ ಮನೆಯೂ ನುಣ್ಣಗೇ ಕಾಣುತ್ತದೆ ಎಂದು ಈಗ ಗೊತ್ತಾಯಿತು. ಬೆಳಗ್ಗೆ ಅವರನ್ನು ಎಬ್ಬಿಸಿ ಕೂರಿಸುವುದು, ಒರೆಸುವುದು, ಹಾಸಿಗೆ ಬದಲಾಯಿಸುವುದು, ತುತ್ತು ತುತ್ತಾಗಿ ತಿನ್ನಿಸುವುದು. ಅವರ ಭಾರಕ್ಕೆ ನನ್ನ ಬೆನ್ನು ಯಾವಾಗಲೋ ಸತ್ತುಹೋಗಿದೆ. ಹೊಲಿಗೆ ಯಂತ್ರದ ಮುಂದೆ ಕೂತರೆ ನೀಲಿ ಬಟ್ಟೆಯ ಮೇಲೆ ತಲೆ ವಾಲುತ್ತದೆ. ಒಂದು ಪ್ರಶ್ನೆ ಕೇಳಿ ಕಾಯಬೇಕಂತೆ. ಮನೆಯಲ್ಲಿ ಕಾಯಲಿಕ್ಕೆ ಇನ್ನೊಬ್ಬಳು ಇದ್ದಾಳಾ?

ನಿಜ ಹೇಳಲಾ? ನನಗೆ ಆ ಹೂಂ ಬೇಕಾಗಿತ್ತು. ಅದು ಅವರ ಬಾಯಿಂದ ಬಂದ ದಿನ ನನ್ನ ಎದೆಯ ಮೇಲಿಂದ ಒಂದು ಕಲ್ಲು ಇಳಿಯಿತು. ನಾನು ಕಳಿಸುತ್ತಿಲ್ಲ, ಅವರೇ ಹೋಗುತ್ತಿದ್ದಾರೆ ಎಂದುಕೊಂಡು ಅವತ್ತು ಹೊಟ್ಟೆತುಂಬ ಉಂಡೆ. ನೀನು ಅಲ್ಲಿಂದಲೇ ಕೈ ಚಾಚಿ ಅದನ್ನು ಕಿತ್ತುಕೊಂಡೆ. ಲೆಕ್ಕ ಸರಿಯೇ ಇರಬಹುದು. ನನಗೆ ಅದನ್ನು ಪರೀಕ್ಷೆ ಮಾಡಿ ನೋಡುವ ಶಕ್ತಿಯಿಲ್ಲ, ಆಸೆಯೂ ಇಲ್ಲ.

ಗಾಡಿ ಬರುತ್ತದೆ. ನೀನು ನಿನ್ನ ಸಸಿಗಳನ್ನು ನೋಡಿಕೋ.

ಅತ್ತೆ


ಡಿಸೆಂಬರ್ 26

ಅತ್ತೆಗೆ,

ನನ್ನ ಕಾಗದ ಮುಟ್ಟಿಯೇ ಇರುತ್ತದೆ. ನಿಮ್ಮಿಂದ ಒಂದು ಮಾತಿಲ್ಲ. ರೋಪ್‌ವೇ ಡ್ರೈವರಿಗೆ ನಿಮ್ಮ ನಂಬರು ಕೊಟ್ಟು ಕೆಳಗಿನಿಂದ ಫೋನ್ ಮಾಡಲು ಹೇಳಿದ್ದೆ. "ರಿಂಗಾಗುತ್ತೆ ಮೇಡಂ, ಯಾರೂ ಎತ್ತಲ್ಲ. ಎರಡು ದಿನ ನೋಡ್ದೆ" ಅಂದ.

ಅಂದರೆ ಮನೆಯಲ್ಲಿ ಯಾರೂ ಇಲ್ಲ. ಎರಡನೇ ಸೋಮವಾರದವರೆಗೂ ಕಾಯಲಿಲ್ಲ ನೀವು, ಮೊದಲೇ ಕಳಿಸಿಬಿಟ್ಟಿರಿ. ಬೇಡವೇ ಬೇಡ ಎಂದವರನ್ನು ಕೈಹಿಡಿದು ಗಾಡಿ ಹತ್ತಿಸಿದಿರಿ. ಅವರು ಅಲ್ಲಿ ಯಾವುದೋ ಗೋಡೆಗೆ ಉತ್ತರ ಹೇಳುತ್ತಾ ಕೂತಿರುತ್ತಾರೆ, ಕೇಳಿದ ನರ್ಸು ಮುಂದಿನ ಹಾಸಿಗೆಗೆ ಹೋಗಿರುತ್ತಾಳೆ. ಅವರು ಭಾರವಾಗಿದ್ದರು ಎಂದು ಒಂದು ಮಾತು ಹೇಳಿಬಿಟ್ಟಿದ್ದರೆ ಆಗುತ್ತಿತ್ತಲ್ಲ ಅತ್ತೆ. ನಾನೇನು ಬೇಡ ಅನ್ನುತ್ತಿದ್ದೆನಾ?

ಇವತ್ತು ಮಂಜು ಏಳಲೇ ಇಲ್ಲ. ಬೇಲಿಯೂ ಬರಲಿಲ್ಲ.

ಚಿಟಿಕೆ


ಜನವರಿ 2

ಅತ್ತೆ,

ನೀವು 24ನೇ ತಾರೀಕು ಬರೆದದ್ದು ಇವತ್ತು ಸಿಕ್ಕಿತು. ನನ್ನ 26ರ ಕಾಗದ ಅಷ್ಟರಲ್ಲಿ ಬೆಟ್ಟ ಇಳಿದಾಗಿತ್ತು. ಅದನ್ನು ಹಿಂದಕ್ಕೆ ಕರೆಯುವ ದಾರಿಯಿದ್ದರೆ ಕೊಳವೆಯ ಪಕ್ಕ ಬರಿಗಾಲಲ್ಲಿ ಓಡುತ್ತಿದ್ದೆ. ನೀವು ಇದನ್ನು ಓದುವ ಹೊತ್ತಿಗೆ ಅದನ್ನು ಓದಿ ಅತ್ತಿರುತ್ತೀರಿ. ಉತ್ತರ ಬರುವ ಮೊದಲೇ ನಾನು ವಾಲ್ವನ್ನು ಇನ್ನಷ್ಟು ತಿರುಗಿಸಿದೆ, ನನಗಿಂತ ಮೊದಲಿದ್ದವರ ಡಬ್ಬಿಯ ಹಾಗೆ. ಸುಮ್ಮನಿರಲು ಬಾರದವಳು ನಿಮಗೆ ಸುಮ್ಮನಿರಿ ಎಂದು ಪಾಠ ಹೇಳಿದೆ.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಮಾವನಿಗೆ ಕೇಳಿದ ಪ್ರಶ್ನೆ, ಮಾವನ ಉತ್ತರ, ನಡುವಿನ ತಡ, ಈ ಮೂರನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಸಣ್ಣದು ಎಂದು ಬಿಟ್ಟು ನಾನು ಲೆಕ್ಕ ಮಾಡಿದೆ. ಲೆಕ್ಕ ಚೆಂದವಾಗಿ ಬಂತು, ಕುಣಿದಾಡಿದೆ. ಬಿಟ್ಟದ್ದರಲ್ಲಿ ನೀವಿದ್ದಿರಿ. ನಿಮ್ಮ ಬೆನ್ನು ಇತ್ತು. ನಿಮ್ಮ ಕಾಗದಗಳನ್ನೆಲ್ಲ ಇವತ್ತು ಮತ್ತೆ ಓದಿದೆ, ನಾನು ಬರೆದದ್ದನ್ನೆಲ್ಲ ನೆನಪಿಸಿಕೊಂಡೆ. ಎಲ್ಲೂ ನೀವು ಹೇಗಿದ್ದೀರಿ ಎಂದು ನಾನು ಕೇಳಿಯೇ ಇಲ್ಲ.

ಮಾವನ ವಿಷಯ ನೀವು ಏನು ಮಾಡಿದರೂ ನನಗೆ ಒಪ್ಪಿಗೆ. ಇದನ್ನು ಸುಮ್ಮನೆ ಬರೆಯುತ್ತಿಲ್ಲ. ಮೇಡಂ ಹತ್ತಿರ ರಜೆ ಕೇಳಿದ್ದೇನೆ. ಲೆಕ್ಕ ಡಬ್ಬಿಗೆ ಹಾಕಿ, ಒಂದು ಚಳಿ ದಾಟಿಸಿ ಹೋಗು ಅಂದಿದ್ದಾರೆ. ಭಿನ್ನರಾಶಿ ತೆಗೆದುಹಾಕಿದೆ. ಬದಲಿಗೆ ಡಬ್ಬಿಗೆ ಮೂರು ಸಮೀಕರಣ ಕೊಟ್ಟು, ಕಳಿಸಿದ ಬಿಸಿ ದಾರಿಯಲ್ಲಿದೆ ಎಂದು ನೆನಪಿಟ್ಟುಕೊಂಡು ಅಷ್ಟು ಹೊತ್ತು ಕೈಕಟ್ಟಿ ಕೂರುವುದನ್ನು ಕಲಿಸುತ್ತಿದ್ದೇನೆ. ಫೆಬ್ರವರಿಯಲ್ಲಿ ಬರುತ್ತೇನೆ. ಬಂದು ಬೆಳಗಿನ ಕೆಲಸವೆಲ್ಲ ನನ್ನದು.

ನೀವು ಹೇಗಿದ್ದೀರಿ ಅತ್ತೆ? ಉತ್ತರ ನಿಧಾನವಾಗಿ ಬರಲಿ.

ಚಿಟಿಕೆ


ಜನವರಿ 13

ಮುದ್ದು ಮಗಳೇ,

ನಿನ್ನ ಎರಡು ಕಾಗದ ಬಂದವು. ಮೊದಲನೆಯದನ್ನು ಓದಿ ಎರಡು ದಿನ ಮನಸಾರೆ ಬೈದೆ, ಎರಡನೆಯದನ್ನು ಓದಿ ಬೈದದ್ದನ್ನೆಲ್ಲ ವಾಪಸು ತೆಗೆದುಕೊಂಡೆ. ಲೆಕ್ಕ ಸರಿಹೋಯಿತು.

ಪರೀಕ್ಷೆ ಮಾಡುವುದಿಲ್ಲ ಎಂದು ಬರೆದೆನಲ್ಲ, ಆ ಕಾಗದ ಟಪಾಲಿಗೆ ಹಾಕಿ ಬಂದ ಸಂಜೆಯೇ ಮಾಡಿದೆ. ನಿನ್ನತ್ತೆಯ ಹಟ ಎಷ್ಟು ಹೊತ್ತಿನದು ಎಂದು ನಿನಗೆ ಗೊತ್ತಲ್ಲ. "ದೀಪ ಹಾಕ್ಲಾ?" ಅಂದು ಯಂತ್ರ ನಿಲ್ಲಿಸಿ ನಿಂತೆ. ಕೋಣೆಯಲ್ಲಿ ನೀಲಿ ಬಟ್ಟೆ ಮಸುಕಾಗುತ್ತಾ ಬಂತು, ಕಿಟಕಿ ಮಸುಕಾಯಿತು, ಅವರ ಮುಖವೂ. ಕೇಳಿಸಲಿಲ್ಲವೇನೋ ಎಂದು ನಾಲಿಗೆ ತುದಿಗೆ ಬಂದದ್ದನ್ನು ಕಚ್ಚಿ ಹಿಡಿದೆ. ಆಗ ಫೋನ್ ಹೊಡೆದುಕೊಂಡಿತು, ಅವರು ಬಾಯಿ ತೆರೆದವರು ಬೆಚ್ಚಿ ಮುಚ್ಚಿದರು. ಆ ದರಿದ್ರ ಫೋನನ್ನು ಬೀರುವಿನಲ್ಲಿ ಬಟ್ಟೆಯ ಕೆಳಗೆ ತುರುಕಿದೆ. ಮತ್ತೆ ಕೇಳಿದೆ, ಮತ್ತೆ ನಿಂತೆ. "ಬೇಡ, ಹೀಗೇ ಚೆನ್ನಾಗಿದೆ" ಅಂದರು. ಚಿಟಿಕೆ, ಆ ಕತ್ತಲಲ್ಲಿ ನೆಲದ ಮೇಲೆ ಕೂತು ಅತ್ತುಬಿಟ್ಟೆ. ನಾನು ಅತ್ತು ಮುಗಿಸಿದ ಎಷ್ಟೋ ಹೊತ್ತಿನ ಮೇಲೆ "ಅಳಬೇಡ್ವೇ" ಅಂದರು.

ಆದರೂ ಗಾಡಿಯನ್ನು ಬೇಡ ಅನ್ನಲಿಲ್ಲ. ಅವರಿಗೆ ಬುದ್ಧಿಯಿದೆ ಎಂದು ಗೊತ್ತಾದರೆ ನನ್ನ ಬೆನ್ನು ನೆಟ್ಟಗಾಗುತ್ತದಾ? ದಿನಾ ಸಣ್ಣ ಸಣ್ಣ ಪ್ರಶ್ನೆ ಕೇಳುತ್ತಾ ಹೋದೆ, ಆ ದೊಡ್ಡದನ್ನು ಮಾತ್ರ ಕೇಳಲಿಲ್ಲ. ಉತ್ತರ ಏನೆಂದು ಗೊತ್ತಿತ್ತಲ್ಲ, ಅದಕ್ಕೇ ಹೆದರಿಕೆ.

ನಿನ್ನೆ ಸೋಮವಾರ. ಚೀಲ ಕಟ್ಟಿ ಇಟ್ಟಿದ್ದೆ. ನಿನ್ನ ಚಿಕ್ಕಮಾವ ಬಂದವನೇ, "ಅತ್ತಿಗೆ, ಗಾಡಿ ನಿಂತಿದೆ. ಔಷಧಿ ಇಟ್ರಾ? ಕಂಬಳಿ ಬೇಕಾಗುತ್ತಾ? ಅಣ್ಣಾ, ರೆಡಿನಾ?" ಅಂದ.

"ಗಾಡಿ ನಿಂತಿರಲಿ. ನೀನು ಕೂತ್ಕೋ. ನಾನು ಹೇಳೋವರೆಗೂ ಬಾಯಿ ಬಿಟ್ರೆ ನೋಡು" ಅಂದೆ. ಪಾಪ, ಕೂತ. ಅವರ ಮುಂದೆ ಕುರ್ಚಿ ಎಳೆದುಕೊಂಡು, "ರೀ, ಆರೈಕೆ ಮನೆಗೆ ಹೋಗಬೇಕು ಅಂತ ನಿಮಗೆ ಇದೆಯಾ?" ಎಂದು ಕೇಳಿದೆ.

ಎಷ್ಟು ಹೊತ್ತು ಕಾದೆವು ಎಂದು ಕೇಳಬೇಡ. ಚಿಕ್ಕಮಾವ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಬಿಸಿಲು ಚೀಲದ ಮೇಲಿನಿಂದ ಇಳಿದು ಅವರ ಪಾದಕ್ಕೆ ಬಂತು. ಹೊರಗೆ ಡ್ರೈವರ್ ಹಾರನ್ ಹೊಡೆದ, ಯಾರೂ ಏಳಲಿಲ್ಲ. ನನಗೆ ಕನಸಿನೊಳಗೆ ಕೂತ ಹಾಗೆ ಇತ್ತು.

"ಇಲ್ಲ" ಅಂದರು. ಆಮೇಲೆ ತಡೆದು ತಡೆದು, "ಹೋಗ್ತೀನಿ ಅಂದ್ರೆ ಸುಳ್ಳಾಗುತ್ತೆ. ಹೋಗಲ್ಲ ಅಂದ್ರೆ ನೀನು ಸತ್ತುಹೋಗ್ತೀಯ" ಅಂದರು. ಮತ್ತೆ ಎಷ್ಟೋ ಹೊತ್ತು. "ಎಲ್ಲಾರೂ ನನ್ನನ್ನೇ ಕೇಳ್ತಾರೆ. ನಿನಗೇನು ಬೇಕು?"

ಚಿಕ್ಕಮಾವ ಮಗುವಿನ ಹಾಗೆ ಗೊಳೋ ಎಂದು ಅತ್ತ. ಎದ್ದು ಹೋಗಿ ಗಾಡಿಯನ್ನು ಕಳಿಸಿ ಬಂದ. ದಿನಾ ಬೆಳಗ್ಗೆ ಬಂದು ಎತ್ತುವುದು, ಸ್ನಾನ ಮಾಡಿಸುವುದು ತನ್ನ ಪಾಲು ಅಂದಿದ್ದಾನೆ. ಕೋಣೆ ಬೇಡ ಎಂದು ತಾನೇ ಹೋಗಿ ಹೇಳಿದ. ಇವತ್ತು ಬಂದೂ ಇದ್ದ. ಒಂದು ಪ್ರಶ್ನೆ ಕೇಳಿ ತುಟಿ ಒತ್ತಿ ಹಿಡಿದುಕೊಂಡು ನಿಂತಿದ್ದನ್ನು ನೀನು ನೋಡಬೇಕಿತ್ತು. ನೀನು ಬಂದ ಮೇಲೆ ನಿನ್ನ ಪಾಲು ನೋಡೋಣ.

ಆದರೆ ನಿನ್ನೆ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ನನಗೇನು ಬೇಕು? ಯಾರೂ ಕೇಳದೆ ಎಷ್ಟು ಕಾಲವಾಗಿತ್ತೋ, ಹುಡುಕಬೇಕಾಯಿತು. ಕಾಫಿ ಮಾಡಿದೆ, ಲೋಟ ತೊಳೆದೆ, ಚೀಲ ಬಿಚ್ಚಿ ಬಟ್ಟೆಗಳನ್ನು ಬೀರುವಿನಲ್ಲಿಟ್ಟೆ. ಅವರು ಮತ್ತೆ ಕೇಳಲಿಲ್ಲ. ನಾನು ಹೋದಲ್ಲೆಲ್ಲ ಕಣ್ಣು ತಿರುಗಿಸುತ್ತಾ ಕಾಯುತ್ತಾ ಕೂತಿದ್ದರು. ಕೊನೆಗೆ ಅವರ ಹತ್ತಿರ ಬಂದು, "ನಿದ್ದೆ ಬೇಕು ಕಣ್ರೀ" ಅಂದೆ. ಅಂದು ಅಲ್ಲೇ ಕರ್ಟನ್ ರಾಶಿಯ ಮೇಲೆ ಒರಗಿದವಳು, ಉತ್ತರಕ್ಕೂ ಕಾಯದೆ ಮಲಗಿಬಿಟ್ಟೆ.

ನೀಲಿಯೊಳಗೆ ಎಲ್ಲೋ ದೂರ ಇಳಿದು ಹೋದ ಹಾಗೆ ನಿದ್ದೆ. ನಡುವೆ ಅವರು ಏನೋ ಹೇಳುತ್ತಿದ್ದದ್ದು ಕೇಳಿಸಿತು, ತುಂಬಾ ಹೊತ್ತು ಹೇಳಿದರು. ಮಾತು ಹಿಡಿಯಲು ಆಗಲಿಲ್ಲ, ದನಿ ಮಾತ್ರ ಗೊತ್ತಾಯಿತು. ಎದ್ದಾಗ ಬೆಳಗಾಗಿತ್ತು.

ಈಗ ಇದನ್ನು ಬರೆಯಲು ಕೂರುವ ಮೊದಲು, "ನಿನ್ನೆ ನಾನು ಮಲಗಿದ ಮೇಲೆ ಏನು ಹೇಳಿದ್ರಿ?" ಎಂದು ಕೇಳಿದ್ದೇನೆ. ಇನ್ನೂ ಹೇಳಿಲ್ಲ. ಬರೆಯುತ್ತಾ ಕಾಯುತ್ತಿದ್ದೇನೆ. ನಡುನಡುವೆ ತಲೆಯೆತ್ತಿ ನೋಡಿದರೆ ಅವರೂ ನೋಡುತ್ತಿದ್ದಾರೆ. ಅವಸರವಿಲ್ಲ. ನಾನು ಹೇಗಿದ್ದೇನೆ ಎಂದು ಕೇಳಿದ್ದೀಯ, ಹೀಗಿದ್ದೇನೆ.

ಈಗ ಹೇಳಿದರು.

ಅದನ್ನು ನಿನಗೆ ಬರೆಯುವುದಿಲ್ಲ ಮಗಳೇ.

ನಿನ್ನ
ಅತ್ತೆ